ಹಾಲಿಗಿಂತ ಮೊದಲು ಮದುವೆಯ ಮಾತು

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಹಾನಗಲ್ಲಿನ ನನ್ನ ಮನೆಗೆ ಆಗಾಗ ಬಂದು ಕುಳಿತುಕೊಳ್ಳುತ್ತಾರೆ. ಚಹಾ ಮುಗಿದ ಮೇಲೆ ಒಬ್ಬಳಾದರೂ ಕೇಳುವ ಪ್ರಶ್ನೆ ಒಂದಿದೆ: ಕೂಸು ದೊಡ್ಡದಾಗಿದೆ, ತಾಯಿಗೆ ಹಾಲು ಕಡಿಮೆಯಾಗಿದೆ, ಏನು ಮಾಡಬೇಕು? ನಾನು ಹೇಳುತ್ತೇನೆ, "ಮೊದಲ ಆ ಕೂಸಿಗೆ ಯಾರ ಮನಿ ಹೆಣ್ಣು ಗೊತ್ತ ಮಾಡ್ಯಾರ, ಕೇಳ್ಕೊಂಡ ಬಾ." ಅವರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ. ಅರವತ್ತಕ್ಕೆ ಅರಳು ಮರಳು ಎಂದುಕೊಳ್ಳುತ್ತಾರೋ ಏನೋ. ನನಗೆ ಅರವತ್ತು ದಾಟಿ ಬಹಳ ದಿನವಾಯಿತು, ಆದರೆ ಈ ಮಾತು ಅರಳು ಮರಳಿನದಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನ್ನ ಬಡ್ತಿ, ಬದಲಿ, ಪೆನ್ಶನ್ ಇವನ್ನೆಲ್ಲ ಸರಕಾರ ನೆನಪಿಟ್ಟುಕೊಂಡಿದೆ. ಅದರ ಕೆಲಸ ನಾನೇಕೆ ಮಾಡಲಿ?

ನಾನು ಈ ಕೆಲಸಕ್ಕೆ ಬಂದದ್ದು ಬೇರೆ ದಾರಿ ಇರದೆ. ನಮ್ಮದು ಪಾಠ ಪ್ರವಚನದ ವೈಷ್ಣವ ಮನೆತನ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡ. ಅಡುಗೆಮನೆಯ ಮೂಲೆಯಲ್ಲಿ ಜೀವ ಸವೆಸುವುದು ಬೇಡವೆಂದು ಅಣ್ಣ ನನ್ನನ್ನು ಸೂಲಗಿತ್ತಿ ವಿದ್ಯೆಗೆ ಕಳಿಸಿದ. ಅವನ ಧೈರ್ಯ ದೊಡ್ಡದು. ಆದರೆ ರಜೆಗೆ ಊರಿಗೆ ಹೋದರೆ ಅತ್ತಿಗೆ ಹಿತ್ತಿಲ ಬಾವಿಯ ಹತ್ತಿರವೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತಿದ್ದಳು. "ಎಲ್ಲಾರನೂ ಮುಟ್ಟಿ ಬಂದೀರಿ, ತುಂಗಕ್ಕ" ಎನ್ನುತ್ತಿದ್ದಳು. ಹೌದು, ಎಲ್ಲರನ್ನೂ ಮುಟ್ಟಿದ್ದೆ. ಅದರ ಸುಖ ಅವಳಿಗೇನು ಗೊತ್ತು!

ಮೊದಲ ನೇಮಕ ಶಿಗ್ಗಾಂವಿಗೆ. ಅಲ್ಲಿ ನನ್ನ ಮೇಲಿನವರು ಮಾಲತಿಬಾಯಿ ಎಂಬ ಡಾಕ್ಟರು, ಪುಣೆಯ ಕಡೆಯವರು. ಬೆಳ್ಳಗಿನ ನೂಲಿನ ಸೀರೆ, ಎದೆಗೆ ಸಿಕ್ಕಿಸಿದ ಪುಟ್ಟ ಗಡಿಯಾರ. ಆ ಕಾಲದ ಪುಸ್ತಕಗಳಲ್ಲಿ ಕೂಸಿಗೆ ಗಡಿಯಾರ ನೋಡಿಯೇ ಹಾಲು ಕುಡಿಸಬೇಕೆಂದು ಬರೆದಿತ್ತು. ಅತ್ತಾಗಲೆಲ್ಲ ಎದೆಗೆ ಹಚ್ಚಿದರೆ ಕೂಸು ಹಟಮಾರಿಯಾಗುತ್ತದೆ, ಹಾಲು ಕೂಡಿಕೊಳ್ಳಲು ಹೊತ್ತು ಸಿಗುವುದಿಲ್ಲ ಎಂದು ಅವರು ನಮಗೆ ಕಲಿಸಿದರು. ಮಾತಿನಲ್ಲಿ ಖಾರ, ಮನಸ್ಸಿನಲ್ಲಿ ಬೆಣ್ಣೆ. ನಾನು ಅವರ ಮಾತನ್ನು ವೇದವಾಕ್ಯವೆಂದು ಹಿಡಿದು ಹಿರೇಕೆರೂರು ತಾಲೂಕಿನ ಹಳ್ಳಿಗಳಿಗೆ ಹೋದೆ.

ಅಬಲೂರಿನಲ್ಲಿ ಒಬ್ಬ ತಾಯಿ. ಏಳೆಂಟು ತಿಂಗಳ ಕೂಸು, ಹಾಲು ಸಾಲದು. ನಾನು ಪುಸ್ತಕದ ಮಾತು ಒಪ್ಪಿಸಿದೆ. ಮನೆಯಲ್ಲಿ ಗಡಿಯಾರವೆಲ್ಲಿಂದ ಬರಬೇಕು? ಅತ್ತೆಯಾದವಳು ಚುರುಕು ಹೆಂಗಸು. "ಗಡ್ಯಾಳ ಯಾಕ ಬೇಕ್ರಿ? ಸರ್ವಿಸ್ ಮೋಟಾರ ಬರ್ತೈತಲ್ಲ. ಮುಂಜಾನೆ ಹೋಗೂ ಮುಂದ ಒಮ್ಮೆ, ಮಧ್ಯಾಹ್ನ ತಿರುಗಿ ಬರೂ ಮುಂದ ಒಮ್ಮೆ, ಮತ್ತ ಸಂಜಿಗೊಮ್ಮೆ" ಎಂದಳು. ನನಗೆ ಹಿಗ್ಗೋ ಹಿಗ್ಗು. ಇಷ್ಟು ಜಾಣ ಹಳ್ಳಿ ಇನ್ನೊಂದಿಲ್ಲ ಎಂದುಕೊಂಡೆ.

ಆಮೇಲೆ ಒಂದು ದಿನ ದೊಡ್ಡ ಮಳೆ ಬಿದ್ದು ಮೋಟಾರು ಎರೆಮಣ್ಣಿನಲ್ಲಿ ಹೂತು ನಿಂತಿತು. ನಾನು ಆ ಮೋಟಾರಿನಲ್ಲೇ ಇದ್ದೆ. ಇಳಿದು, ಎಲ್ಲರ ಜೊತೆ ದಬ್ಬಿ ದಬ್ಬಿ ಸೋತು, ಕೊನೆಗೆ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಡೆದೇ ಊರು ಸೇರಿದೆ. ಓಣಿಯ ಬಾಯಿಗೆ ಬರುವಾಗಲೇ ಕೂಸಿನ ಚೀರಾಟ ಕೇಳಿತು. ಮನೆಯ ಮುಂದೆ ಜನ ನೆರೆದಿದ್ದರು. ತಾಯಿ ಕಟ್ಟೆಯ ಮೇಲೆ ಕುಳಿತು ತಾನೂ ಅಳುತ್ತಿದ್ದಾಳೆ. ಕುಪ್ಪಸ ಹಾಲಿನಿಂದ ತೋಯ್ದಿದೆ, ಆದರೂ ಕೂಸನ್ನು ಎದೆಗೆ ಹಚ್ಚಿಲ್ಲ. ಅತ್ತೆ ಬಾಗಿಲಿಗೆ ಅಡ್ಡ ನಿಂತು ನೆರೆಯವರಿಗೆ ಗದರಿಸುತ್ತಿದ್ದಳು: "ಮೋಟಾರ ಬರೂತನಾ ಕುಡಸಬ್ಯಾಡ ಅಂತ ಬಾಯಾರು ಹೇಳ್ಯಾರ. ನಿಮಗೇನ ತಿಳೀತೈತಿ?"

"ನಾನ ಮೋಟಾರ ಅಂತ ತಿಳೀರಿ. ಬಂದೇನಿ. ಕುಡಸ್ರಿ ಮೊದಲ!" ಎಂದು ಕೂಗಿದೆ. ಓಣಿಗೆ ಓಣಿಯೇ ನಕ್ಕಿತು. ಅಲ್ಲಿಂದಾಚೆ ಆ ತಾಯಿ ಕೂಸು ಬಾಯಿ ತೆರೆದಾಗಲೆಲ್ಲ ಕುಡಿಸಿದಳು, ಹಾಲೂ ಏರಿತು. ಶಿಗ್ಗಾಂವಿಗೆ ಹೋಗಿ ಮಾಲತಿಬಾಯಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, "ಇರ್ಲಿ ತುಂಗಾಬಾಯಿ, ಆ ಪುಸ್ತಕ ಬರದವರು ಅಬಲೂರಿಗೆ ಬಂದಿಲ್ಲ" ಎಂದರು. ಹಳ್ಳಿಯ ತಾಯಂದಿರಿಗೆ ಗಡಿಯಾರದ ಮಾತು ಅಲ್ಲಿಗೆ ನಿಂತಿತು. ಹಾಲು ಕೂಡಿಟ್ಟರೆ ಬೆಳೆಯುವ ವಸ್ತುವಲ್ಲ. ಸೇದುವ ಬಾವಿಗೇ ಸೆಲೆ. ಇದನ್ನು ಈಗ ನಿಮಗೆ ಮೊದಲ ದಿನವೇ ಕಲಿಸುತ್ತಾರೆ, ನಮಗೆ ಕೆಸರು ಕಲಿಸಿತು.

ಇನ್ನೊಂದು ಪಾಠ ಸವಣೂರಿನದು. ಅಲ್ಲಿ ಒಂದು ಮುಸಲ್ಮಾನರ ಮನೆಯಲ್ಲಿ ಬಾಣಂತಿಗೆ ವಿಷಮಶೀತ ಜ್ವರ. ಗಂಡು ಕೂಸಿಗೆ ಬೇರೆ ಎದೆ ಹುಡುಕಬೇಕು. ಪಕ್ಕದ ಮನೆಯಲ್ಲೇ ಹಾಲು ತುಂಬಿದ ಹೆಂಗಸಿದ್ದಳು. ಅವಳನ್ನು ಬಿಟ್ಟು ಎರಡು ಓಣಿಯಾಚೆಯ ಒಬ್ಬಳನ್ನು ಕರೆಸಿದರು. ನನಗೆ ಸಿಟ್ಟು ಬಂತು. ಮನೆಯ ಹಿರಿಯಾಕೆ ತಣ್ಣಗೆ ಹೇಳಿದಳು: "ಬಾಜೂ ಮನಿಯಾಕಿಗೆ ಮೂರೂ ಹೆಣ್ಣಮಕ್ಕಳು ಬಾಯಿ. ಆಕಿ ಹಾಲು ಕುಡದ್ರ ನಮ್ಮ ಹುಡುಗಗ ಆ ಮೂರೂ ಅಕ್ಕತಂಗ್ಯಾರು ಆಗ್ತಾರ. ನಾಳೆ ಲಗ್ನಕ್ಕ ಹುಡುಗ್ಯಾರನ್ನ ಎಲ್ಲಿಂದ ತರೂಣು? ಈಕಿಗೆ ಬರೇ ಗಂಡು ಹುಡುಗರು. ಫಿಕರ್ ಇಲ್ಲ." ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರು, ಅವರಲ್ಲಿ ಮದುವೆ ಕೂಡದು. ಮುಸಲ್ಮಾನರಲ್ಲಿ ಅದು ಧರ್ಮದ ಮಾತು. ಅದೇ ಮಾತು ನಮ್ಮ ಹಾನಗಲ್ಲಿನ ಸೀಮೆಯ ಒಕ್ಕಲುತನದ ಮನೆಯಲ್ಲಿ, ಯಾವ ಶಾಸ್ತ್ರವೂ ಇರದೆ ಒಬ್ಬ ಮುದುಕಿಯ ಹಟದ ಮೇಲೆ ನಿಂತು, ನನಗೆ ಎದುರಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಆ ಮುದುಕಿ ನೀಲವ್ವ. ತಿಳವಳ್ಳಿಯ ಹತ್ತಿರದ ಹಳ್ಳಿ, ಲಿಂಗವಂತರ ಮನೆ, ಗದ್ದೆ, ಎತ್ತು, ಎಲ್ಲ ಅನುಕೂಲ. ಸೊಸೆ ಗೌರವ್ವನಿಗೆ ಹತ್ತು ತಿಂಗಳ ಮಗ ಬಸಲಿಂಗ. ಮಗಳು ಶಾಂತವ್ವನನ್ನು ಹಾನಗಲ್ಲಿನ ಬೆಲ್ಲದ ವ್ಯಾಪಾರಿಯೊಬ್ಬನಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಕೂಸು ಹಡೆದಿದ್ದಳು. ಕೂಸಿಗೆ ನಿಂಬವ್ವ ಎಂದು ಹೆಸರಿಟ್ಟ ದಿನವೇ ನೀಲವ್ವ ಸೊಸೆಯ ಉಡಿಯಲ್ಲಿ ಅಡಿಕೆ ಹಾಕಿ, ಈ ಹುಡುಗಿ ನಮ್ಮ ಬಸಲಿಂಗನಿಗೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು. "ಮಗಳು ಹೊರಗ ಹೋದಳು. ಮಗಳ ಮಗಳಾರ ನನ್ನ ಮನಿಗೆ ತಿರುಗಿ ಬರಲಿ" ಎಂಬುದು ಅವಳ ಆಸೆ. ಅದರಲ್ಲಿ ತಪ್ಪೇನಿಲ್ಲ. ಸೋದರತ್ತೆಯ ಮಗಳೆಂದರೆ ನಮ್ಮ ಕಡೆ ಮೊದಲ ಹಕ್ಕು.

ನಾಟಿಯ ದಿನಗಳಲ್ಲಿ ಗೌರವ್ವನಿಗೆ ಚಳಿಜ್ವರ ಹತ್ತಿತು. ಜ್ವರದ ಹಾಲು ಕೂಸಿಗೆ ನಂಜು ಎಂದು ಮಗನನ್ನು ಅವಳಿಂದ ದೂರವಿಟ್ಟರು. ಜ್ವರ ಬಿಡುವ ಹೊತ್ತಿಗೆ ಎದೆ ಬತ್ತಿತ್ತು. ಬಸಲಿಂಗನಿಗೆ ಆಕಳ ಹಾಲು ಹಾಕಿದರೆ ಹೊಟ್ಟೆ ಕೆಡುತ್ತಿತ್ತು, ಅನ್ನದ ಗಂಜಿ ನಿಲ್ಲುತ್ತಿರಲಿಲ್ಲ. ನಾನು ನೋಡಿದಾಗ ಕೈಕಾಲು ಕಡ್ಡಿ, ಕಣ್ಣು ಒಳಗೆ ಹೋಗಿದ್ದವು. ಅಳುವ ಶಕ್ತಿಯೂ ಇಲ್ಲದೆ ಕೊಂಯ್ ಎನ್ನುತ್ತಿದ್ದ. ಹೀಗೇ ಇನ್ನೊಂದು ವಾರ ಹೋದರೆ ಹುಡುಗ ಉಳಿಯುವುದಿಲ್ಲವೆಂದು ನನಗೆ ಸ್ಪಷ್ಟವಾಯಿತು. ಅದೇ ಪಡಸಾಲೆಯಲ್ಲಿ ಶಾಂತವ್ವ ಕುಳಿತಿದ್ದಳು. ತನ್ನ ಕೂಸಿಗೆ ಸಾಕಾಗಿ ಮಿಕ್ಕ ಹಾಲನ್ನು ಹಿಂಡಿ ಹಿತ್ತಿಲ ಬೇಲಿಯ ಬುಡಕ್ಕೆ ಹಾಕುತ್ತಿದ್ದಳು.

"ಇದೇನ ನೀಲವ್ವ? ಮನ್ಯಾಗ ಗಂಗಿ ಹರಿಯಾಕತ್ತಾಳ, ಹುಡುಗನ್ನ ಆಕಿ ಎದಿಗೆ ಹಚ್ಚರಿ" ಎಂದೆ.

ನೀಲವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಎದಿಗೆ ಹಚ್ಚಿದ್ರ ಮಗಾ ಆಗ್ತಾನ್ರಿ, ಅಳಿಯ ಹೆಂಗ ಆಗ್ತಾನ?"

"ಹಂಗಾರ ಬಟ್ಟಲದಾಗ ಹಿಂಡಿ ಕುಡಸೂಣು."

"ಬಟ್ಟಲಕ್ಕ ಬಂದ ಕೂಡ್ಲೆ ಹಾಲಿನ ಬಳಗ ಬದಲಾಗ್ತೈತೇನ್ರಿ ಬಾಯಾರ?"

ಅಷ್ಟಕ್ಕೇ ಬಿಡಲಿಲ್ಲ ಮುದುಕಿ. ಮಗಳನ್ನೂ ಸೊಸೆಯನ್ನೂ ಕರೆದು, ಇಬ್ಬರ ಕೈಯನ್ನೂ ತೊಟ್ಟಿಲ ಮೇಲೆ ಇರಿಸಿ, ಆ ಹೆಣ್ಣು ಕೂಸಿನ ಆಣೆ ಹಾಕಿಸಿದಳು: ಬಸಲಿಂಗನಿಗೆ ಶಾಂತವ್ವನ ಹಾಲು ಮುಟ್ಟಿಸುವುದಿಲ್ಲ ಎಂದು. ಗೌರವ್ವ ಆಣೆಯ ಮಾತು ಆಡುವಾಗ ಮಗನ ಕಡೆ ನೋಡಲಿಲ್ಲ. ಜಗಳ ಮಾಡಿದರೆ ಬಾಗಿಲು ಮುಚ್ಚುತ್ತದೆ, ಮುಚ್ಚಿದ ಬಾಗಿಲಿನ ಹೊರಗೆ ನಿಂತ ನರ್ಸು ಯಾರಿಗೂ ಬೇಡ. ಉಳಿದ ದಾರಿ ಒಂದೇ. ಗೌರವ್ವನ ಹಾಲನ್ನೇ ತಿರುಗಿ ತರಬೇಕು.

ನಾನು ತಿಳವಳ್ಳಿಯಲ್ಲಿ ಉಳಿದು ದಿನಾಲೂ ಚಕ್ಕಡಿಯಲ್ಲಿ ಹೋಗಿ ಬಂದೆ. ಗೌರವ್ವನಿಗೆ ಗದ್ದೆ ಬೇಡ, ಬೀಸುಕಲ್ಲೂ ಬೇಡ, ಮಗನ ಪಕ್ಕದಲ್ಲೇ ಮಲಗಿರಬೇಕು ಎಂದು ನೀಲವ್ವನನ್ನು ಒಪ್ಪಿಸಿದೆ. ಮೊಮ್ಮಗನ ಜೀವದ ಪ್ರಶ್ನೆ ಎಂದಾಗ ಮುದುಕಿ ಸೊಸೆಗೆ ತಾನೇ ಅಳ್ವಿ ಬೀಜದ ಪಾಯಸ ಮಾಡಿ ಹಾಕಿದಳು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಬಿಸಿ ಅನ್ನದ ಮೇಲೆ ತುಪ್ಪ. ಅವು ಹಾಲು ತರುತ್ತವೆಯೋ ಇಲ್ಲವೋ, ತಾಯಿಗೆ ಹೊಟ್ಟೆ ತುಂಬ ಊಟವಂತೂ ಆಯಿತು. ಎಷ್ಟೋ ಮನೆಗಳಲ್ಲಿ ಅದೇ ಆಗುವುದಿಲ್ಲ.

ತೊಡಕು ಹುಡುಗನದೇ. ಎಳೆಗೂಸು ಒಣ ಎದೆಯನ್ನೂ ಚೀಪುತ್ತದೆ. ಹತ್ತು ತಿಂಗಳವನಿಗೆ ಬುದ್ಧಿ ಬಂದಿರುತ್ತದೆ. ಒಂದೆರಡು ಸಲ ಎಳೆದು, ಏನೂ ಬರದಿದ್ದರೆ ಮುಖ ತಿರುಗಿಸುತ್ತಾನೆ. ಅವನು ಎಳೆಯದಿದ್ದರೆ ಹಾಲು ಬರುವುದಿಲ್ಲ, ಹಾಲು ಬರದಿದ್ದರೆ ಅವನು ಎಳೆಯುವುದಿಲ್ಲ. ನಾನೊಂದು ಉಪಾಯ ಮಾಡಿದೆ. ಅರಳೆಯ ಉದ್ದ ಬತ್ತಿ ಹೊಸೆದು, ಕುದಿಸಿ, ಅದರ ಒಂದು ತುದಿಯನ್ನು ನೀರು ಬೆರೆಸಿ ಕಾಯಿಸಿದ ಆಡಿನ ಹಾಲಿನ ಬಟ್ಟಲಿನಲ್ಲಿಟ್ಟು, ಇನ್ನೊಂದು ತುದಿಯನ್ನು ಗೌರವ್ವನ ಎದೆಯ ತುದಿಗೆ ತಂದೆ. ಬಟ್ಟಲು ಅವಳ ಹೆಗಲ ಮೇಲೆ ನನ್ನ ಕೈಯಲ್ಲಿ. ಹುಡುಗ ಚೀಪಿದರೆ ಹನಿ ಹನಿಯಾಗಿ ಬಾಯಿಗೆ ಇಳಿಯಬೇಕು, ಎದೆಯಿಂದಲೇ ಬಂತೆಂದು ಅವನು ನಂಬಬೇಕು.

"ದೀಪಕ್ಕ ಬತ್ತಿ ಹಾಕೂದು ಕಂಡೇನಿ. ಹಾಲಿಗೆ ಬತ್ತಿ ಇದ ಮೊದಲು" ಎಂದಳು ನೀಲವ್ವ.

ಹುಡುಗ ಸ್ವಲ್ಪ ಚೀಪಿದ. ಆದರೆ ಎಳೆಯುವ ಕಸುವೇ ಇರಲಿಲ್ಲ. ನಾಲ್ಕು ಸಲ ಎಳೆದು ನಿದ್ದೆಗೆ ಜಾರುತ್ತಿದ್ದ. ಅಷ್ಟರಲ್ಲಿ ಹಾನಗಲ್ಲಿನಿಂದ ಕರೆ ಬಂತು, ಕಷ್ಟದ ಹೆರಿಗೆ. ನೀಲವ್ವನಿಗೂ ಶಾಂತವ್ವನಿಗೂ ಬತ್ತಿ ಹಿಡಿಯುವುದನ್ನು ಕಲಿಸಿ ಹೊರಟೆ. ಹೋಗುವಾಗ ಹುಡುಗನ ಮುಖ ಮತ್ತೆ ನೋಡುತ್ತೇನೆಂಬ ನಂಬಿಕೆ ನನಗಿರಲಿಲ್ಲ. ಚಕ್ಕಡಿಯಲ್ಲಿ ಕುಳಿತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಕೆಲವು ದಿನ ಬಿಟ್ಟು ತಿರುಗಿ ಬಂದರೆ ನನ್ನ ಕಣ್ಣನ್ನು ನಾನೇ ನಂಬಲಾರದಾದೆ. ಬಸಲಿಂಗ ತಾಯಿಯ ತೊಡೆಯ ಮೇಲೆ ಕುಳಿತು ಎರಡೂ ಕೈಯಿಂದ ಎದೆ ಹಿಡಿದು ಗುಟುಕು ಗುಟುಕು ಕುಡಿಯುತ್ತಿದ್ದ. ಆ ಕಡೆಯ ಎದೆಯಿಂದಲೂ ಹನಿ ಸೋರುತ್ತಿತ್ತು. ಬತ್ತಿ ಬಟ್ಟಲು ಗೂಡಿನಲ್ಲಿ ಒಣಗಿ ಕುಳಿತಿದ್ದವು. ನೀಲವ್ವ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನನಗೆ ನೆಲ ಕಾಣದಷ್ಟು ಹೆಮ್ಮೆ. ಮಾಲತಿಬಾಯಿಗೆ ಹೇಳಿದೆ, ಕಂಡ ಕಂಡ ತಾಯಂದಿರಿಗೆ ಹೇಳಿದೆ. ಶಾಂತವ್ವ ಮಾತ್ರ ಅಂದು ನನ್ನ ಮುಖ ನೋಡದೆ ಒಂದೇ ಅರಿವೆಯನ್ನು ಮಡಚುತ್ತಲೇ ಇದ್ದಳು. ಬಾಣಂತಿಗೆ ದಣಿವು ಎಂದುಕೊಂಡೆ.

ವರ್ಷಗಳು ಹೋದವು. ಯುದ್ಧ ಬಂತು, ಮುಗಿಯಿತು. ನಾನು ಹಾನಗಲ್ಲಿಗೆ ಬದಲಾಗಿ ಬಂದಿದ್ದೆ. ಶಾಂತವ್ವನ ಮನೆ ನಮ್ಮ ಓಣಿಯಲ್ಲೇ. ಅವಳಿಗೆ ನಿಂಬವ್ವನ ಮೇಲೆ ಮಕ್ಕಳಾಗಲಿಲ್ಲ. ಹುಡುಗಿ ದೊಡ್ಡವಳಾದಳು, ತವರಿನಿಂದ ಮದುವೆಯ ಮಾತು ಬಂತು. ಶಾಂತವ್ವ ಒಲ್ಲೆ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಪೇಟೆ ಸೇರಿದ ಸೊಕ್ಕು, ಹುಬ್ಬಳ್ಳಿಯ ಸಾಹುಕಾರ ಅಳಿಯ ಬೇಕಂತೆ ಎಂದು ಜನ ಆಡಿಕೊಂಡರು. ಅವಳ ಅಣ್ಣ, ಬಸಲಿಂಗನ ಅಪ್ಪ, ಸಿಟ್ಟಿನಿಂದ ಮಾತು ಬಿಟ್ಟ. ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರುವುದನ್ನೂ ನಿಲ್ಲಿಸಿದ. ನಮ್ಮ ಕಡೆಯ ಹೆಣ್ಣಿಗೆ ಪಂಚಮಿಗೆ ತವರಿನ ಚಕ್ಕಡಿ ಬರಲಿಲ್ಲವೆಂದರೆ ಬದುಕಿದ್ದೂ ಸತ್ತ ಹಾಗೆ. ಆ ದಿನ ಅವಳು ಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತಿದ್ದಳು.

ನೀಲವ್ವ ನನಗೆ ಹೇಳಿ ಕಳಿಸಿದಳು: ನೀವು ಉಳಿಸಿದ ಹುಡುಗ, ನಿಮ್ಮ ಮಾತು ಅವಳು ಮೀರುವುದಿಲ್ಲ, ಒಪ್ಪಿಸಿರಿ ಎಂದು. ನಾನು ಸಂಭ್ರಮದಿಂದಲೇ ಹೋದೆ. ಎಲ್ಲ ಕೇಳಿಸಿಕೊಂಡು ಶಾಂತವ್ವ ಹೇಳಿದ್ದು ಇಷ್ಟೇ: "ಬ್ಯಾಡ್ರಿ ಬಾಯಾರ. ತವರಮನಿ ಬಿಟ್ಟೇನಿ ಹೊರ್ತು ಇದನ್ನ ಮಾಡಂಗಿಲ್ಲ." ಆಮೇಲೆ ಬಹಳ ಅತ್ತಳು. ನನಗೆ ಏನೂ ತಿಳಿಯಲಿಲ್ಲ.

ಮರುವರ್ಷ ನೀಲವ್ವ ಹಾಸಿಗೆ ಹಿಡಿದಳು. ಇದೇ ನನ್ನ ಕೊನೆಯ ಪಂಚಮಿ, ಮಗಳನ್ನು ಕರೆಯಿರಿ ಎಂದು ಹಟ ಹಿಡಿದಳು. ಅಣ್ಣ ಮುಖ ಗಂಟಿಕ್ಕಿಕೊಂಡೇ ಚಕ್ಕಡಿ ಕಳಿಸಿದ. ಮುದುಕಿಯ ಕಾಲು ಬಾತಿವೆ ನೋಡಿ ಬನ್ನಿ ಎಂದು ನನ್ನನ್ನೂ ಅದರಲ್ಲೇ ಕರೆಸಿಕೊಂಡರು. ಹಿತ್ತಿಲಲ್ಲಿ ಹುತ್ತ. ನೀಲವ್ವನನ್ನು ಹೊತ್ತು ತಂದು ಹೊರಸಿನ ಮೇಲೆ ಕೂಡಿಸಿದ್ದರು. ಹುಣಸೆಮರಕ್ಕೆ ಕಟ್ಟಿದ ಜೋಕಾಲಿಯ ಹತ್ತಿರ ಬಸಲಿಂಗ ನಿಂತಿದ್ದ, ಮೀಸೆ ಚಿಗುರಿದ, ಎತ್ತಿನಂಥ ಹುಡುಗ. ಹೆಂಗಸರು ಒಬ್ಬೊಬ್ಬರಾಗಿ ಹಾಲೆರೆದರು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಬಳಗದ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ.

ನಿಂಬವ್ವನ ಸರದಿ ಬಂತು. ಮನೆಯಲ್ಲಿ ವರ್ಷ ವರ್ಷ ಎರೆದು ರೂಢಿಯಾದ ಹುಡುಗಿ, ತಡೆಯಿಲ್ಲದೆ ಹೇಳುತ್ತ ಹೋದಳು. "ಅಪ್ಪನ ಪಾಲು, ಅವ್ವನ ಪಾಲು, ಬಸಲಿಂಗಣ್ಣನ ಪಾಲು."

ಶಾಂತವ್ವನ ಮುಖ ಬೆಳ್ಳಗಾಯಿತು. ಮದುವೆಗೆ ಕೇಳಿದ ಹುಡುಗನನ್ನು ಯಾವ ಹುಡುಗಿ ಅಣ್ಣ ಎನ್ನುತ್ತಾಳೆ?

"ಯಾರ ಪಾಲು ಅಂದಿ?" ಎಂದಳು ನೀಲವ್ವ.

"ಬಸಲಿಂಗಣ್ಣಂದು. ಅವ್ವ ಹಂಗ ಕಲಿಸ್ಯಾಳ" ಎಂದಳು ಹುಡುಗಿ, ತನ್ನ ತಪ್ಪೇನೆಂದು ತಿಳಿಯದೆ.

ಶಾಂತವ್ವ ತಾಯಿಯ ಕಾಲ ಬಳಿ ಕುಸಿದು ಕುಳಿತಳು. "ಬಾಯಾರು ಹಾನಗಲ್ಲಿಗೆ ಹ್ವಾದ ಮರುದಿನ ಗೌರವ್ವ ವೈನಿಗೆ ತಿರುಗಿ ಜ್ವರ ಬಂತಬೇ. ನೀ ಗದ್ದಿಗೆ ಹೋಗಿದ್ದಿ. ಹುಡುಗನ ಕುತ್ತಿಗಿ ಜೋಲಿ ಬಿತ್ತು. ಸುಮ್ಮ ಕುಂತ್ರ ಆಣಿ ಉಳೀತೈತಿ, ಎದಿಗೆ ಹಚ್ಚಿದ್ರ ಜೀವ. ಹಚ್ಚಿದೆ. ಕಸುವು ಬರೂತನಾ ದಿನಾ ಹಚ್ಚಿದೆ. ನನ್ನ ಮಗಳ ಮ್ಯಾಲಿನ ಆಣಿ ಮುರದೇನಂತ ಇಷ್ಟ ವರ್ಷ ಬಾಯಿ ಬಿಡಲಿಲ್ಲ."

ಆಗ ಗೌರವ್ವ ಮುಂದೆ ಬಂದಳು. ಅತ್ತೆಯೆದುರು ಅವಳು ದನಿ ಎತ್ತಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ನಾ ನೋಡೇನ್ರಿ ಅತ್ತಿ. ಜ್ವರದಾಗ ಕಣ್ಣ ತೆರದು ನೋಡಿ, ಗ್ವಾಡಿ ಕಡೆ ಮುಖಾ ತಿರುವಿದೆ. ನನ್ನ ಮಗಾ ಉಳೀಲಿ ಅಂತ. ಜನಾ ಆಕಿಗೆ ಸೊಕ್ಕಿನಾಕಿ ಅನ್ನೂ ಮುಂದನೂ ಸುಮ್ಮನಿದ್ದೆ. ಅದ ನನಗ ಸುಡ್ತೈತಿ."

ನಾನು ಹುತ್ತದ ಕಡೆ ನೋಡುತ್ತ ನಿಂತೆ. ನನ್ನ ಬತ್ತಿ ಸುಳ್ಳಾಗಿರಲಿಲ್ಲ. ಗೌರವ್ವನ ಹಾಲು ನಿಜವಾಗಿಯೇ ತಿರುಗಿ ಬಂತು, ಮುಂದೆ ಒಂದು ವರ್ಷ ಮಗ ಅವಳದನ್ನೇ ಕುಡಿದ. ಆದರೆ ಆ ಹಾಲನ್ನು ಎಳೆದು ತರುವ ಕಸುವನ್ನು ಅವನಿಗೆ ಕೊಟ್ಟದ್ದು ಇನ್ನೊಂದು ಎದೆ. ಸೋತ ಕೂಸಿಗೆ ಮೊದಲು ಕಸುವು ಬೇಕು, ಆಮೇಲೆ ತಾಯಿಗೆ ಹಾಲು. ಹುಡುಗಿಯರೇ, ಅದಕ್ಕೇ ಮದುವೆಯ ಮಾತನ್ನು ಮೊದಲು ಕೇಳಿ ಎನ್ನುತ್ತೇನೆ. ಮನೆಯಲ್ಲಿ ಹಾಲಿದ್ದೂ ಕೂಸು ಸೊರಗಿದ್ದರೆ, ನಡುವೆ ಏನೋ ಅಡ್ಡ ನಿಂತಿದೆ ಎಂದೇ ಅರ್ಥ. ಅದನ್ನು ಹುಡುಕಿ.

ನೀಲವ್ವ ಕೈ ಚಾಚಿ ಮಗಳ ತಲೆಯ ಮೇಲಿಟ್ಟಳು. "ಮೊಮ್ಮಗಳನ್ನ ಮನಿಗೆ ತರಬೇಕಂತ ಮಗಳನ್ನ ಹೊರಗ ಹಾಕಿದೆನಲ್ಲವ" ಎಂದಳು. ಆಮೇಲೆ ನಿಂಬವ್ವನ ಕಡೆ ತಿರುಗಿದಳು.

"ಇನ್ನೊಮ್ಮೆ ಎರಿ. ಗಟ್ಟ್ಯಾಗಿ ಹೇಳು. ಅವಗ ಕೇಳಲಿ."

ಹುಡುಗಿ ಅಳುಕುತ್ತ ಬಟ್ಟಲು ಎತ್ತಿ, ಗಟ್ಟಿಯಾಗಿ ಹೇಳಿದಳು, "ಬಸಲಿಂಗಣ್ಣನ ಪಾಲು."

ಹುಣಸೆಮರದ ಕೆಳಗೆ ನಿಂತಿದ್ದ ಹುಡುಗ ಎಲ್ಲ ಕೇಳಿಸಿಕೊಂಡಿದ್ದ. ಜೋಕಾಲಿಯ ಹಗ್ಗ ಹಿಡಿದುಕೊಂಡೇ ಅವಳಿಗೆ ಹೇಳಿದ, "ಬಾ ತಂಗಿ, ಕೂಡು, ಜೀಕತೇನಿ."